ಜೆಟ್ಟಿಯ ಮರ ಲಡ್ಡಾದಾಗ: ಮೊದಲು ನೀರಿನ ದಾರಿ ಹುಡುಕಿ

ಹಿನ್ನೀರಿನ ದಂಡೆಯಲ್ಲಿ ಮರದ ಜೆಟ್ಟಿ ಕಟ್ಟಿಸಿದವರಿಗೆ ಕೆಲವು ಮಳೆಗಾಲ ಕಳೆಯುವ ಹೊತ್ತಿಗೆ ಸಣ್ಣ ಸಣ್ಣ ಲಕ್ಷಣಗಳು ಕಾಣತೊಡಗುತ್ತವೆ. ಒಂದು ಹಲಗೆ ಕಾಲಡಿಯಲ್ಲಿ ಮೆಲ್ಲಗೆ ಬಾಗುತ್ತದೆ. ಮೊಳೆಯ ತಲೆ ಮೇಲೆದ್ದು ಚಪ್ಪಲಿಗೆ ತಾಗುತ್ತದೆ. ದೋಣಿ ಕಟ್ಟುವ ಕಂಬ ಹಗ್ಗ ಎಳೆದಾಗೆಲ್ಲ ಅಲುಗುತ್ತದೆ. ಬಡಗಿಯನ್ನು ಕರೆಸಿ, "ಆಚಾರ್ರೇ, ಆ ಎರಡು ಹಲಗೆ ಬದಲಿಸಿಬಿಡಿ, ಸಾಕು" ಅನ್ನುತ್ತಾರೆ. ಹೊಸ ಹಲಗೆ ಬಂದು ಕೂರುತ್ತದೆ, ಮೇಲೊಂದು ಕೋಟು ವಾರ್ನಿಷ್ ಬೀಳುತ್ತದೆ. ಎರಡು ಮೂರು ವರ್ಷದಲ್ಲಿ ಅದೇ ಜಾಗ ಮತ್ತೆ ಮೆತ್ತಗಾಗುತ್ತದೆ.

ಇದು ಬಡಗಿಯ ತಪ್ಪೂ ಅಲ್ಲ, ಮರದ ತಪ್ಪೂ ಅಲ್ಲ. ಹಳೆಯ ಹಲಗೆಯೊಳಗೆ ನೀರು ಯಾವ ದಾರಿಯಲ್ಲಿ ನುಗ್ಗಿತೋ ಆ ದಾರಿ ಹಾಗೇ ಉಳಿದಿರುತ್ತದೆ. ಆದ್ದರಿಂದ ಗರಗಸ ಕೈಗೆತ್ತಿಕೊಳ್ಳುವ ಮೊದಲು ಎರಡು ಪ್ರಶ್ನೆಗೆ ಉತ್ತರ ಸಿಗಬೇಕು: ನೀರು ಎಲ್ಲಿಂದ ಒಳಗೆ ಹೋಯಿತು? ಹೋದ ನೀರು ಯಾಕೆ ಹೊರಗೆ ಬರಲಿಲ್ಲ? ಲಿಂಗನಮಕ್ಕಿ, ವಾರಾಹಿ, ಭದ್ರಾ, ಕಬಿನಿ ಹಿನ್ನೀರಿನ ದಂಡೆಯಲ್ಲಿ ಹೋಂಸ್ಟೇ ನಡೆಸುವವರಿಗೆ, ದೋಣಿ ಇಟ್ಟುಕೊಂಡವರಿಗೆ, ಊರಿನ ಕೆರೆಯಲ್ಲಿ ಬೋಟಿಂಗ್ ನೋಡಿಕೊಳ್ಳುವವರಿಗೆ ಈ ವಿವರಗಳು ಉಪಯೋಗಕ್ಕೆ ಬಂದಾವು.

ಮರವನ್ನು ತಿನ್ನುವುದು ಯಾವುದು?

ಮರ ಕೊಳೆಯಲು ಮುಖ್ಯ ಕಾರಣ ಶಿಲೀಂಧ್ರ. ಅದು ಬದುಕಲು ಆಹಾರ, ಗಾಳಿ, ಹದವಾದ ಶಾಖ, ನೀರು ಈ ನಾಲ್ಕೂ ಬೇಕು. ಆಹಾರ ಅಂದರೆ ಮರವೇ. ಶಾಖವೂ ಗಾಳಿಯೂ ನಮ್ಮ ಹವೆಯಲ್ಲಿ ಧಾರಾಳವಾಗಿವೆ. ನಮ್ಮ ಹಿಡಿತಕ್ಕೆ ಸಿಗುವುದು ನೀರೊಂದೇ. ಮರದೊಳಗಿನ ತೇವಾಂಶ ಶೇಕಡ 20ರ ಕೆಳಗಿದ್ದರೆ ಶಿಲೀಂಧ್ರ ಬೆಳೆಯುವುದಿಲ್ಲ. ಅದು ಶೇಕಡ 30ರ ಹತ್ತಿರ ಬಂದು ವಾರಗಟ್ಟಲೆ ಅಲ್ಲೇ ನಿಂತರೆ ಕೊಳೆಯುವ ಕೆಲಸ ಶುರುವಾಗುತ್ತದೆ. ಅಂದರೆ ಮಳೆಯಲ್ಲಿ ನೆನೆದು ಮರುದಿನದ ಬಿಸಿಲಿಗೆ ಒಣಗುವ ಹಲಗೆಗೆ ಅಪಾಯ ಕಡಿಮೆ. ನೆನೆದು, ಒಣಗಲು ಜಾಗವಿಲ್ಲದೆ ಒದ್ದೆಯಾಗೇ ಉಳಿಯುವ ಮರಕ್ಕೆ ಅಪಾಯ ಹೆಚ್ಚು.

ಪೂರ್ತಿ ನೀರಿನಡಿ ಮುಳುಗಿದ ಮರ ಬೇಗ ಕೊಳೆಯುವುದಿಲ್ಲ. ಅಲ್ಲಿ ನೀರು ಸಮೃದ್ಧವಾಗಿದ್ದರೂ ಗಾಳಿ ಸಾಲದು. ವೆನಿಸ್ ನಗರದ ಕಟ್ಟಡಗಳು ಶತಮಾನಗಳಿಂದ ನಿಂತಿರುವುದು ಕೆಸರಿನೊಳಗೆ ಹೊಡೆದ ಮರದ ಗೂಟಗಳ ಮೇಲೆ. ಒಣಗಿದ ಜಾಗದಲ್ಲಿರುವ ಮರವೂ ಉಳಿಯುತ್ತದೆ. ಮಲೆನಾಡಿನ ಹಳೆ ಮನೆಗಳ ಮಾಡಿನ ಕೆಳಗಿನ ತೊಲೆಗಳು ನೂರು ವರ್ಷ ದಾಟಿಯೂ ಗಟ್ಟಿಯಾಗಿರುವುದನ್ನು ನೋಡಿದ್ದೇವೆ. ಕೆಡುವುದು ಇವೆರಡರ ನಡುವಿನ ಜಾಗ, ಅಂದರೆ ನೀರೂ ಗಾಳಿಯೂ ಒಟ್ಟಿಗೆ ಸಿಗುವ ಕಡೆ.

ನೀರಿನ ಮಟ್ಟ ಹೆಚ್ಚು ಬದಲಾಗದ ಕೆರೆಯಲ್ಲಿ ಈ ನಡುವಿನ ಜಾಗ ಒಂದೆರಡು ಅಡಿಯ ಪಟ್ಟಿ ಅಷ್ಟೇ. ಅಣೆಕಟ್ಟಿನ ಹಿನ್ನೀರಿನಲ್ಲಿ ಹಾಗಲ್ಲ. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ಮಳೆಗಾಲದ ಕೊನೆಗೆ ಅಲ್ಲಿಗೆ ಹತ್ತಿರವಾಗುವ ನೀರು ಬೇಸಿಗೆಯ ಕೊನೆಗೆ ಹತ್ತಾರು ಅಡಿ ಕೆಳಗಿಳಿದಿರುತ್ತದೆ. ನೀರು ತೀರಾ ಇಳಿದ ವರ್ಷಗಳಲ್ಲಿ ಅದೇ ಹಿನ್ನೀರಿನ ಹೊಳೆಬಾಗಿಲಿನ ಲಾಂಚ್‌ಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಬೇಕಾಗಿ ಬಂದದ್ದುಂಟು. ಇಂಥ ಕಡೆ ಕಂಬದ ಮೇಲಿನಿಂದ ಬುಡದವರೆಗೆ ಪ್ರತಿ ಅಡಿಯೂ ವರ್ಷದಲ್ಲಿ ಒಂದಲ್ಲ ಒಂದು ತಿಂಗಳು ಆ ಅಪಾಯದ ಪಟ್ಟಿಯೊಳಗೆ ಬಂದುಹೋಗುತ್ತದೆ. ಹಾಗಾಗಿ ಹಿನ್ನೀರಿನ ಕಂಬವನ್ನು ನೀರಂಚಿನಲ್ಲಿ ಮಾತ್ರ ನೋಡಿದರೆ ಸಾಲದು, ಪೂರ್ತಿ ಉದ್ದ ನೋಡಬೇಕು.

ಕೊಳೆತದಲ್ಲೂ ಬಗೆಗಳಿವೆ. ಮರ ಕಂದು ಬಣ್ಣಕ್ಕೆ ತಿರುಗಿ ಚೌಕ ಚೌಕವಾಗಿ ಬಿರಿದು, ಬೆರಳಲ್ಲಿ ತಿಕ್ಕಿದರೆ ಪುಡಿಯಾದರೆ ಅದು ಕಂದು ಕೊಳೆ. ಇದು ಬಲವನ್ನು ಬಹಳ ಬೇಗ ಹೀರುತ್ತದೆ. ಹೊರನೋಟಕ್ಕೆ ಕೆಟ್ಟದ್ದು ಗೊತ್ತಾಗುವ ಮೊದಲೇ ತೊಲೆ ಭಾರ ತಡೆಯುವ ಶಕ್ತಿ ಕಳೆದುಕೊಂಡಿರಬಹುದು. ಮರ ಬಿಳಿಚಿಕೊಂಡು ನಾರುನಾರಾಗಿ ಸ್ಪಂಜಿನಂತಾದರೆ ಅದು ಬಿಳಿ ಕೊಳೆ. ಸದಾ ಒದ್ದೆಯಾಗಿರುವ ಕಂಬದ ಮೈ ಹೊರಗಿನಿಂದ ಪದರಪದರವಾಗಿ ಮೆತ್ತಗಾಗುವುದು ಮೂರನೆಯ ಬಗೆ. ಅದು ನಿಧಾನ, ಒಳಗಿನ ಚೇಗು ಬಹುಕಾಲ ಗಟ್ಟಿಯಾಗೇ ಇರುತ್ತದೆ.

ಸಿಹಿನೀರಿನಲ್ಲಿ ಒಂದು ಅನುಕೂಲವಿದೆ. ಕರಾವಳಿಯ ಅಳಿವೆಗಳಲ್ಲಿ ಮರದ ಕಂಬವನ್ನು ಒಳಗಿಂದೊಳಗೆ ಕೊರೆದು ಜರಡಿ ಮಾಡುವ ಕಡಲ ಜೀವಿಗಳು ಕೆರೆ, ಹಿನ್ನೀರಿನಲ್ಲಿ ಇಲ್ಲ. ಇಲ್ಲಿ ಶಿಲೀಂಧ್ರ ಬಿಟ್ಟರೆ ಗೆದ್ದಲು ಮುಖ್ಯ ಶತ್ರು. ಅದು ದಂಡೆಯ ಮಣ್ಣಿಗೆ ತಾಗಿದ ತುದಿಯಿಂದ ಹತ್ತುತ್ತದೆ.

ನೀರು ನುಗ್ಗುವ ಐದು ಜಾಗ

ಮರ ಬದುಕಿದ್ದಾಗ ಬೇರಿನಿಂದ ಎಲೆಗೆ ನೀರು ಸಾಗಿಸಿದ ಕೊಳವೆಗಳು ಹಲಗೆಯ ಉದ್ದಕ್ಕೂ ಹಾಗೇ ಇರುತ್ತವೆ. ಆದ್ದರಿಂದ ಕೊಯ್ದ ತುದಿ, ಅಂದರೆ ನಾರಿನ ಬಾಯಿ ತೆರೆದಿರುವ ಕಡೆ, ಹಲಗೆಯ ಅಗಲ ಮುಖಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ನೀರು ಕುಡಿಯುತ್ತದೆ. ಮೊದಲು ಕೆಡುವುದು ಹಲಗೆಯ ತುದಿಗಳು ಮತ್ತು ಕಂಬದ ತಲೆ.

ಎರಡನೆಯದು, ಹಲಗೆ ಜಂತಿಯ ಮೇಲೆ ಕೂರುವ ಜಾಗ. ಮರದ ಮೇಲೆ ಮರ ಒತ್ತಿ ಕೂತರೆ ನಡುವೆ ಸೇರಿದ ನೀರನ್ನು ಒಣಗಿಸಲು ಬಿಸಿಲೂ ಇಲ್ಲ, ಬೀಸುಗಾಳಿಯೂ ಇಲ್ಲ. ಮೇಲಿನ ಹಲಗೆ ನೋಡಲು ಚೆನ್ನಾಗಿರುತ್ತದೆ, ಕೆಳಗೆ ಜಂತಿಯ ಬೆನ್ನು ಲಡ್ಡಾಗಿರುತ್ತದೆ.

ಮೂರನೆಯದು, ಮೊಳೆ ಮತ್ತು ಬೋಲ್ಟಿನ ತೂತು. ಚೆನ್ನಾಗಿ ಕಾಣಲಿ ಎಂದು ಸ್ಕ್ರೂವಿನ ತಲೆಯನ್ನು ಹಲಗೆಯೊಳಗೆ ಆಳವಾಗಿ ಇಳಿಸಿದರೆ ಅಲ್ಲೊಂದು ಪುಟ್ಟ ಗುಂಡಿಯಾಗಿ ನೀರು ನಿಲ್ಲುತ್ತದೆ. ಸಾದಾ ಕಬ್ಬಿಣದ ಮೊಳೆಯಾದರೆ ಇನ್ನೊಂದು ಕೇಡು: ತುಕ್ಕು ಸುತ್ತಲಿನ ನಾರನ್ನೂ ಕೆಡಿಸುತ್ತದೆ. ಹಳೆ ಜೆಟ್ಟಿಯ ಮೊಳೆ ಕಿತ್ತಾಗ ತೂತಿನ ಸುತ್ತ ಕಪ್ಪಗೆ, ಮೆತ್ತಗೆ ಒಂದು ಬಳೆ ಕಾಣುವುದು ಇದರಿಂದಲೇ.

ನಾಲ್ಕನೆಯದು, ಹಲಗೆಗಳ ನಡುವಿನ ಸಂದು. ಅಲ್ಲಿ ಎಲೆ, ಕಸ, ಮಣ್ಣು ತುಂಬಿದರೆ ವರ್ಷವಿಡೀ ಒದ್ದೆ ಬತ್ತಿ ಇಟ್ಟ ಹಾಗೆ. ಐದನೆಯದು, ಮಣ್ಣಿಗೋ ಕಾಂಕ್ರೀಟಿಗೋ ಹೂತ ಕಂಬದ ಬುಡ. ಕಾಂಕ್ರೀಟ್ ಹಾಕಿದರೆ ಗಟ್ಟಿ ಎಂದು ಅನೇಕರು ನಂಬುತ್ತಾರೆ. ಆದರೆ ಕಂಬ ಒಣಗಿ ಕುಗ್ಗಿದಾಗ ಕಾಂಕ್ರೀಟಿಗೂ ಕಂಬಕ್ಕೂ ನಡುವೆ ಕೂದಲೆಳೆ ಸಂದು ಬೀಳುತ್ತದೆ. ಅದರೊಳಗೆ ಇಳಿದ ನೀರು ಬುಡದಲ್ಲೇ ನಿಲ್ಲುತ್ತದೆ.

ಸ್ಕ್ರೂಡ್ರೈವರ್ ಹೇಳುವ ಸತ್ಯ

ಪರೀಕ್ಷೆಗೆ ದುಬಾರಿ ಯಂತ್ರ ಬೇಡ. ಒಂದು ಚೂಪಾದ ಸ್ಕ್ರೂಡ್ರೈವರ್, ಒಂದು ಸುತ್ತಿಗೆ, ಒಂದು ಸೀಮೆಸುಣ್ಣ ಸಾಕು. ನೀರು ಇಳಿದ ಕಾಲದಲ್ಲಿ ಜೆಟ್ಟಿಯ ಕೆಳಗೆ ಹೋಗಿ ನೋಡಿ. ಮೇಲಿನಿಂದ ಮಾತ್ರ ನೋಡಿದರೆ ಅರ್ಧ ವಿಷಯವೂ ತಿಳಿಯುವುದಿಲ್ಲ.

ಮೊದಲು ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಮರ ಟಣ್ ಎನ್ನುತ್ತದೆ, ಕೆಟ್ಟದ್ದು ದಬ್ ಎಂದು ಮಂಕಾಗಿ ಸದ್ದು ಕೊಡುತ್ತದೆ. ಸದ್ದು ಬದಲಾದ ಕಡೆ ಸೀಮೆಸುಣ್ಣದ ಗುರುತು ಹಾಕಿ. ಆ ಗುರುತುಗಳಲ್ಲೂ ಮೇಲೆ ಹೇಳಿದ ಐದು ಜಾಗಗಳಲ್ಲೂ ಸ್ಕ್ರೂಡ್ರೈವರ್ ತುದಿಯನ್ನು ಒತ್ತಿ. ಕೈಬಲಕ್ಕೇ ಅದು ಅರ್ಧ ಇಂಚು ಒಳಗಿಳಿದರೆ ಅಲ್ಲಿ ಮರ ಹೋಗಿದೆ ಎಂದೇ ಲೆಕ್ಕ.

ಅನುಮಾನ ಬಂದ ಕಡೆ ಇನ್ನೊಂದು ಪರೀಕ್ಷೆ ಮಾಡಿ. ತುದಿಯನ್ನು ನಾರಿನ ದಿಕ್ಕಿಗೆ ಓರೆಯಾಗಿ ಚುಚ್ಚಿ, ಒಂದು ಸಿಬಿರನ್ನು ಮೇಲೆತ್ತಿ. ಒಳ್ಳೆಯ ಮರವಾದರೆ ಸಿಬಿರು ಚಟ್ ಎಂದು ಸದ್ದು ಮಾಡಿ, ಚುಚ್ಚಿದ ಜಾಗದಿಂದ ದೂರದವರೆಗೆ ಉದ್ದವಾಗಿ ಸೀಳಿಕೊಂಡು ಏಳುತ್ತದೆ. ಕೊಳೆ ಹಿಡಿಯುತ್ತಿರುವ ಮರದಲ್ಲಿ ಅದು ಸದ್ದಿಲ್ಲದೆ, ಚುಚ್ಚಿದ ಜಾಗದಲ್ಲೇ ಅಡ್ಡಕ್ಕೆ ತುಂಡಾಗುತ್ತದೆ. ಕಣ್ಣಿಗೆ ಇನ್ನೂ ಚೆನ್ನಾಗಿ ಕಾಣುವ ಮರವೂ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಮಾಡಿ ಕಲಿತರೆ ಕೈಗೇ ಗೊತ್ತಾಗುತ್ತದೆ. ಮೊದಲು ಒಂದು ಒಳ್ಳೆಯ ಹಲಗೆಯ ಮೇಲೆ, ಆಮೇಲೆ ಖಂಡಿತ ಕೆಟ್ಟದ್ದೊಂದರ ಮೇಲೆ ಮಾಡಿ ನೋಡಿ, ವ್ಯತ್ಯಾಸ ಮನಸ್ಸಿಗೆ ಹತ್ತುತ್ತದೆ.

ದಪ್ಪ ಕಂಬದ ಒಳಗು ತಿಳಿಯಬೇಕೆಂದರೆ ಸಣ್ಣ ಬೈರಿಗೆಯಿಂದ ಒಂದು ತೂತು ಕೊರೆದು, ಬರುವ ಹೊಟ್ಟನ್ನು ಅಂಗೈಯಲ್ಲಿ ಹಿಡಿದು ನೋಡಿ. ಗಟ್ಟಿ ಮರದ ಹೊಟ್ಟು ಸುರುಳಿಯಾಗಿ, ಮರದ ವಾಸನೆಯೊಂದಿಗೆ ಬರುತ್ತದೆ. ಕೊಳೆತದ್ದು ಕಪ್ಪು ಪುಡಿಯಾಗಿ, ಅಣಬೆಯ ವಾಸನೆ ಹೊತ್ತು ಬರುತ್ತದೆ. ನೋಡಿದ ಮೇಲೆ ಆ ತೂತಿಗೆ ಕೊಳೆ ತಡೆಯುವ ಔಷಧಿ ಬಿಟ್ಟು, ಗಟ್ಟಿ ಮರದ ಗೂಟ ಬಡಿದು ಮುಚ್ಚಲು ಮರೆಯಬೇಡಿ. ಪರೀಕ್ಷೆಯ ತೂತೇ ನೀರಿಗೆ ಹೊಸ ಬಾಗಿಲಾಗಬಾರದು.

ಉಳಿಸುವುದೋ, ತೆಗೆಯುವುದೋ

ಹಲಗೆ ಕೆಟ್ಟರೆ ಬದಲಿಸುವುದೇ ಸರಿ. ಅದು ಅಗ್ಗ, ಕೆಲಸವೂ ಸುಲಭ. ತುದಿ ಮಾತ್ರ ಕೆಟ್ಟಿದ್ದರೆ ಪಕ್ಕದ ಜಂತಿಯವರೆಗೆ ಕೊಯ್ದು ಆ ತುಂಡನ್ನಷ್ಟೇ ಬದಲಿಸಬಹುದು. ಜಂತಿಯ ಬೆನ್ನು ಅರ್ಧ ಇಂಚಿನಷ್ಟು ಕೆಟ್ಟು ಉಳಿದದ್ದು ಗಟ್ಟಿ ಇದ್ದರೆ ಕೆತ್ತಿ ತೆಗೆದು ಪಕ್ಕಕ್ಕೆ ಜೋಡಿ ಜಂತಿ ಕೊಡಬಹುದು. ಕೊಳೆತದ್ದು ದಪ್ಪದ ಕಾಲುಭಾಗ ದಾಟಿದ್ದರೆ ಆ ಜಂತಿ ಭಾರ ಹೊರುತ್ತದೆಂದು ನಂಬಬೇಡಿ. ಒಂದೇ ಸಾಲಿನ ಎರಡು ಮೂರು ಕಂಬಗಳು ಕೆಟ್ಟಿದ್ದರೆ ತೇಪೆ ಕೆಲಸ ಬಿಟ್ಟು ಆ ಭಾಗವನ್ನೇ ಹೊಸದಾಗಿ ಕಟ್ಟುವ ಯೋಚನೆ ಮಾಡಬೇಕು. ಜೆಟ್ಟಿಯ ಮೇಲೆ ಜನ ಹರಡಿ ನಿಲ್ಲುವುದಿಲ್ಲ. ದೋಣಿ ಬಂದಾಗ ಎಲ್ಲರೂ ಒಂದೇ ತುದಿಗೆ ಬಂದು ಸೇರುತ್ತಾರೆ. ಲೆಕ್ಕ ಹಾಕಬೇಕಾದದ್ದು ಆ ಹೊತ್ತಿನ ಭಾರವನ್ನು.

ಎಪಾಕ್ಸಿ ತುಂಬಿ ಸರಿಮಾಡಬಹುದೇ ಎಂದು ಅನೇಕರು ಕೇಳುತ್ತಾರೆ. ಕೈಹಿಡಿಯ ಕಟಾಂಜನದಲ್ಲಿ, ಭಾರ ಬೀಳದ ಸಣ್ಣ ಗುಂಡಿಯಲ್ಲಿ, ಮೆತ್ತಗಿನ ಮರವನ್ನೆಲ್ಲ ಕೆರೆದು ಪೂರ್ತಿ ಒಣಗಿಸಿದ ಮೇಲೆ ಆಗಬಹುದು. ಒದ್ದೆ ಮರದ ಮೇಲೆ ಎಪಾಕ್ಸಿ ತುಂಬಿದರೆ ಒಳಗಿನ ತೇವ ಅಲ್ಲೇ ಸೆರೆಯಾಗಿ, ಮುಚ್ಚಿದ ಮರೆಯಲ್ಲಿ ಕೊಳೆ ಮುಂದುವರಿಯುತ್ತದೆ. ಭಾರ ಹೊರುವ ಜಂತಿಗೂ ಕಂಬಕ್ಕೂ ಅದನ್ನು ನೆಚ್ಚಬೇಡಿ.

ಕೆಲಸಕ್ಕೆ ಇಳಿಯುವ ಮೊದಲು

ಏಪ್ರಿಲ್, ಮೇ ತಿಂಗಳು ಇದಕ್ಕೆ ಹೇಳಿ ಮಾಡಿಸಿದ ಕಾಲ. ನೀರು ಇಳಿದಿರುತ್ತದೆ, ಮರ ಒಣಗಿರುತ್ತದೆ, ಹಚ್ಚಿದ ಔಷಧಿ ಒಳಗಿಳಿಯುತ್ತದೆ. ಮೊದಲ ಮಳೆಗೆ ಮುಂಚೆ ಎರಡು ವಾರ ಬಿಡುವು ಇರುವಂತೆ ಕೆಲಸ ಮುಗಿಸಿ.

ಹಿನ್ನೀರಿನ ದಂಡೆ ಸಾಮಾನ್ಯವಾಗಿ ಖಾಸಗಿ ಜಾಗವಲ್ಲ. ಲಿಂಗನಮಕ್ಕಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮ, ಬೇರೆ ಹಲವು ಕಡೆ ನೀರಾವರಿ ನಿಗಮಗಳು, ಕಾಡಿನಂಚಿನಲ್ಲಿ ಅರಣ್ಯ ಇಲಾಖೆ, ಊರ ಕೆರೆಯಲ್ಲಿ ಸ್ಥಳೀಯ ಸಂಸ್ಥೆ ಹೀಗೆ ಅಧಿಕಾರ ಬೇರೆಬೇರೆ. ಹಲಗೆ ಬದಲಿಸುವುದು ಬೇರೆ, ಹೊಸ ಕಂಬ ನೆಡುವುದು ಬೇರೆ. ಎರಡನೆಯದಕ್ಕೆ ಮೊದಲೇ ಕೇಳಿ, ಲಿಖಿತ ಅನುಮತಿ ಪಡೆಯುವುದು ಒಳ್ಳೆಯದು.

ನೀರಿನ ಬಳಿ ವಿದ್ಯುತ್ ಉಪಕರಣಕ್ಕೆ ಬ್ಯಾಟರಿಯದ್ದನ್ನೇ ಬಳಸಿ. ತಂತಿ ಎಳೆಯಲೇಬೇಕೆಂದರೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರುವ ಪಾಯಿಂಟಿನಿಂದಲೇ ಎಳೆಯಿರಿ, ಜೋಡಣೆಗಳು ನೆಲಕ್ಕೆ ತಾಗದಂತೆ ಕಟ್ಟಿ. ಕಂಬ ಬಿಚ್ಚುವ ಮೊದಲು ಮೇಲಿನ ತೊಲೆಗೆ ಕಬ್ಬಿಣದ ಜಾಕಿಯ ಆಸರೆ ಕೊಡಿ. ಕೆಸರಿನ ಮೇಲೆ ಜಾಕಿ ನಿಲ್ಲಿಸುವುದಾದರೆ ಅಡಿಗೆ ಅಗಲವಾದ ಹಲಗೆ ಹಾಕಿ, ಇಲ್ಲದಿದ್ದರೆ ಅದು ಹುಗಿದುಹೋಗುತ್ತದೆ.

ಹಲಗೆ ಬದಲಿಸುವ ಕ್ರಮ

ಹಳೆ ಹಲಗೆ ಎಬ್ಬಿಸಿದ ಕೂಡಲೇ ಹೊಸದನ್ನು ಕೂರಿಸಲು ಆತುರ ಬೇಡ. ಜಂತಿಯ ಬೆನ್ನನ್ನು ತಂತಿಬ್ರಷ್‌ನಿಂದ ಉಜ್ಜಿ, ಹಳೆ ಮೊಳೆ ತೂತುಗಳನ್ನು ಶುಚಿ ಮಾಡಿ ಒಂದೆರಡು ದಿನ ಬಿಸಿಲಿಗೆ ಬಿಡಿ. ಆಮೇಲೆ ಔಷಧಿ ಹಚ್ಚಿ, ಒಣಗಿದ ಮೇಲೆ ಜಂತಿಯ ಬೆನ್ನಿನುದ್ದಕ್ಕೂ ಟಾರಿನ ಅಂಟುಪಟ್ಟಿ ಅಂಟಿಸಿ. ಚಾವಣಿಯ ಸೋರಿಕೆಗೆ ಬಳಸುವ ಪಟ್ಟಿಯೇ ಆಗುತ್ತದೆ. ಜಂತಿಯ ಅಗಲಕ್ಕಿಂತ ಪಟ್ಟಿ ಎರಡೂ ಬದಿ ಒಂದೊಂದು ಬೆರಳಿನಷ್ಟು ಹೆಚ್ಚಿದ್ದು ಕೆಳಗೆ ಬಾಗಿರಲಿ, ನೀರು ಬದಿಗೆ ಜಾರಿ ತೊಟ್ಟಿಕ್ಕುತ್ತದೆ. ಈ ಒಂದು ಪಟ್ಟಿಗೆ ಆಗುವ ಖರ್ಚು ಅಲ್ಪ, ಜಂತಿಗೆ ಅದು ಕೊಡುವ ಆಯುಷ್ಯ ದೊಡ್ಡದು.

ಹೊಸ ಹಲಗೆಯನ್ನು ಅಳತೆಗೆ ಕೊಯ್ದು, ತೂತುಗಳನ್ನೂ ಕೊರೆದು, ಆ ಮೇಲೆಯೇ ಔಷಧಿ ಹಚ್ಚಬೇಕು. ಮೊದಲೇ ಹಚ್ಚಿ ಆಮೇಲೆ ಕೊಯ್ದರೆ ಅತಿ ಹೆಚ್ಚು ಬಾಯಾರಿದ ತುದಿಯೇ ಬರಿದಾಗಿ ಉಳಿಯುತ್ತದೆ. ತುದಿಗಳನ್ನು ಔಷಧಿಯ ಡಬ್ಬಿಯಲ್ಲಿ ಒಂದಷ್ಟು ಹೊತ್ತು ಅದ್ದಿ ನಿಲ್ಲಿಸುವುದು ಇನ್ನೂ ಒಳ್ಳೆಯದು.

ಒಣ ಮರವಾದರೆ ಹಲಗೆಗಳ ನಡುವೆ ಐದಾರು ಮಿಲಿಮೀಟರ್ ಸಂದು ಬಿಡಿ. ನಾಲ್ಕಿಂಚಿನ ಮೊಳೆಯನ್ನು ನಡುವೆ ಇಟ್ಟು ಅಳತೆ ಹಿಡಿದರೆ ಸಂದು ಎಲ್ಲ ಕಡೆ ಒಂದೇ ಸಮ ಬರುತ್ತದೆ. ಹಸಿ ಮರವಾದರೆ ಹತ್ತಿರ ಹತ್ತಿರ ಕೂರಿಸಿ, ಒಣಗಿ ಕುಗ್ಗಿದಾಗ ಸಂದು ತಾನಾಗಿ ಬೀಳುತ್ತದೆ. ಎರಡು ಹಲಗೆಗಳ ತುದಿ ಒಂದೇ ಜಂತಿಯ ಮೇಲೆ ಕೂಡುವ ಕಡೆ ನೀರು ಬೀಳದೆ ಇರದು. ಅಂಥಲ್ಲಿ ಜಂತಿಯ ಪಕ್ಕ ಇನ್ನೊಂದನ್ನು ಸ್ವಲ್ಪ ಅಂತರ ಬಿಟ್ಟು ಕೊಟ್ಟು, ಒಂದೊಂದು ತುದಿ ಒಂದೊಂದರ ಮೇಲೆ ಕೂರುವಂತೆ ಮಾಡಿ.

ಮೊಳೆಗಿಂತ ಸ್ಕ್ರೂ ಮೇಲು, ಮುಂದಿನ ಸಲ ಹಲಗೆ ಸೀಳದೆ ಬಿಚ್ಚಬಹುದು. ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು. ಆಗದಿದ್ದರೆ ದಪ್ಪ ಸತುವಿನ ಲೇಪವಿರುವ ಜಿಐ. ತಾಮ್ರದ ಔಷಧಿ ಹಾಕಿದ ಮರಕ್ಕೆ ಸಾದಾ ಕಬ್ಬಿಣ ಖಂಡಿತ ಬೇಡ, ತಾಮ್ರದ ಜೊತೆ ಸೇರಿ ಅದು ಬೇಗ ಸವೆಯುತ್ತದೆ. ಸ್ಕ್ರೂ ತಲೆ ಹಲಗೆಯ ಮೈಗೆ ಸಮನಾಗಿ ನಿಲ್ಲಲಿ, ಅದಕ್ಕಿಂತ ಒಳಗೆ ಬೇಡ.

ಕೊನೆಗೆ ಒಂದು ಬಿಂದಿಗೆ ನೀರನ್ನು ಹೊಸ ಹಲಗೆಗಳ ಮೇಲೆ ಸುರಿದು ನೋಡಿ. ಎಲ್ಲಾದರೂ ನೀರು ನಿಂತರೆ, ಯಾವುದಾದರೂ ಕೂಡುಗೆಯೊಳಗೆ ಹೋಗಿ ಹೊರಗೆ ಬಾರದಿದ್ದರೆ, ಅಲ್ಲಿ ಕೆಲಸ ಇನ್ನೂ ಮುಗಿದಿಲ್ಲ.

ಜೋಡಿ ಜಂತಿ

ಕೆಟ್ಟ ಜಂತಿಯನ್ನು ಪೂರ್ತಿ ತೆಗೆಯದೆ ಪಕ್ಕಕ್ಕೆ ಹೊಸದನ್ನು ಕೊಡುವುದು ಅತಿ ಹೆಚ್ಚು ಉಪಯೋಗಕ್ಕೆ ಬರುವ ದುರಸ್ತಿ. ಮೊದಲು ಕೊಳೆತದ್ದನ್ನು ಉಳಿಯಿಂದ ಕೆತ್ತಿ, ಗಟ್ಟಿ ಮರ ಸಿಗುವವರೆಗೆ ಹೋಗಿ. ಗಟ್ಟಿ ಸಿಕ್ಕ ಮೇಲೂ ನಾರಿನ ದಿಕ್ಕಿನಲ್ಲಿ ಇನ್ನಷ್ಟು ತೆಗೆಯುವುದು ಕ್ಷೇಮ. ಶಿಲೀಂಧ್ರದ ಎಳೆಗಳು ಕಣ್ಣಿಗೆ ಕಾಣುವ ಗಡಿಯನ್ನು ದಾಟಿ ಮುಂದೆ ಹೋಗಿರುತ್ತವೆ. ಕೆತ್ತಿದ ಕಡೆ ಚಪ್ಪಟೆ ಗುಂಡಿ ಉಳಿಸದೆ ಇಳಿಜಾರು ಕೊಡಿ.

ಹೊಸ ಜಂತಿ ಹಳೆಯದರಷ್ಟೇ ಎತ್ತರದ್ದಿರಲಿ. ಆಗುವುದಾದರೆ ತೊಲೆಯಿಂದ ತೊಲೆಗೆ ಪೂರ್ತಿ ಉದ್ದ ಕೊಡಿ. ಆಗದಿದ್ದರೆ ಕೆಟ್ಟ ಭಾಗದ ಎರಡೂ ಕಡೆ ಕನಿಷ್ಠ ಮೂರು ಅಡಿ ಗಟ್ಟಿ ಮರದ ಮೇಲೆ ಹಾದುಹೋಗಲಿ. ತೊಲೆಯ ಮೇಲೆ ಕೂರುವ ತುದಿಯೇ ಕೆಟ್ಟಿದ್ದರೆ ಹೊಸ ಜಂತಿ ತಾನೇ ತೊಲೆಯ ಮೇಲೆ ಕೂರಬೇಕು, ಬೋಲ್ಟಿಗೆ ನೇತಾಡಬಾರದು. 12 ಮಿಲಿಮೀಟರ್ ಬೋಲ್ಟ್‌ಗಳನ್ನು ಒಂದೂವರೆ ಅಡಿಗೊಂದರಂತೆ, ಒಂದು ಮೇಲೆ ಒಂದು ಕೆಳಗೆ ಬರುವ ಹಾಗೆ ಹಾಕಿ, ಎರಡೂ ಬದಿ ಅಗಲ ವಾಷರ್ ಕೊಡಿ. ಎಲ್ಲ ಬೋಲ್ಟ್ ಒಂದೇ ಗೆರೆಯಲ್ಲಿದ್ದರೆ ಮರ ಆ ಗೆರೆಯಲ್ಲೇ ಸೀಳುತ್ತದೆ. ಜೋಡಿಸುವ ಮೊದಲು ಎರಡೂ ಮುಖಕ್ಕೆ ಔಷಧಿ, ಜೋಡಿಸಿದ ಮೇಲೆ ಎರಡರ ಬೆನ್ನನ್ನೂ ಸೇರಿಸಿ ಒಂದೇ ಅಂಟುಪಟ್ಟಿ.

ಕಂಬಕ್ಕೆ ಕಲ್ಲಿನ ಪಾಠ

ಮಲೆನಾಡಿನ, ಕರಾವಳಿಯ ಹಳೆ ಮನೆಗಳ ಜಗಲಿಯಲ್ಲಿ ಮರದ ಕಂಬ ನೆಲಕ್ಕೆ ಹೂತಿರುವುದಿಲ್ಲ, ಕಲ್ಲಿನ ಪೀಠದ ಮೇಲೆ ನಿಂತಿರುತ್ತದೆ. ನೆಲದ ತೇವ ನಾರಿನ ಬಾಯಿಗೆ ಹತ್ತದಿರಲಿ ಎಂಬ ಆ ತಿಳಿವಳಿಕೆಯನ್ನೇ ಜೆಟ್ಟಿಗೂ ತರಬಹುದು. ನೀರು ಇಳಿದಾಗ ಬುಡ ಸಿಗುವ ಕಂಬವಾದರೆ ಕೆಟ್ಟ ಕೆಳಭಾಗವನ್ನು ಕೊಯ್ದುಹಾಕಿ, ಅಲ್ಲಿ ಕಾಂಕ್ರೀಟಿನ ಗಿಡ್ಡ ಕಂಬ ಎಬ್ಬಿಸಿ, ಅದರ ತಲೆಗೆ ಸತುವಿನ ಲೇಪದ ಕಬ್ಬಿಣದ ಹಿಡಿಕೆ ಕೂರಿಸಿ, ಮರದ ಕಂಬವನ್ನು ಹಿಡಿಕೆಯೊಳಗೆ ಬೋಲ್ಟ್ ಮಾಡಿ. ಮರದ ಬುಡಕ್ಕೂ ಕಾಂಕ್ರೀಟಿಗೂ ನಡುವೆ ಒಂದಿಂಚು ಬಯಲಿರಲಿ, ಗಾಳಿಯಾಡಲಿ.

ನಡುವಿನ ಭಾಗ ಕೆಟ್ಟು ಮೇಲೂ ಕೆಳಗೂ ಗಟ್ಟಿ ಇದ್ದರೆ ಹೊಸ ತುಂಡು ಸೇರಿಸಬಹುದು. ಹಳೆಯದರಲ್ಲೂ ಹೊಸದರಲ್ಲೂ ಅರ್ಧರ್ಧ ದಪ್ಪ ಕೊಯ್ದು ಒಂದರ ಮೇಲೊಂದು ಕೂರಿಸುವ ಈ ಜೋಡಣೆಯ ಉದ್ದ ಕಂಬದ ದಪ್ಪದ ಮೂರು ನಾಲ್ಕು ಪಟ್ಟಾದರೂ ಇರಬೇಕು, ಪ್ರತಿ ಜೋಡಣೆಗೂ ಕನಿಷ್ಠ ಎರಡು ಬೋಲ್ಟ್ ಬೇಕು. ಕೊಯ್ತದ ಅಡ್ಡ ಮುಖಗಳನ್ನು ಮಟ್ಟವಾಗಿ ಬಿಡದೆ ಹೊರಮುಖವಾಗಿ ಇಳಿಜಾರು ಕೊಟ್ಟರೆ ನೀರು ಒಳಗೆ ನಿಲ್ಲುವುದಿಲ್ಲ. ಕಂಬದ ತಲೆಯನ್ನು ಓರೆಯಾಗಿ ಕೊಯ್ದು, ಸುತ್ತ ಅರ್ಧ ಇಂಚು ಹೊರಚಾಚುವ ತಗಡಿನ ಟೋಪಿ ಹಾಕಿ. ಸುಮ್ಮನೆ ಬಿಟ್ಟ ಕಂಬದ ತಲೆ ಎಲ್ಲ ಮಳೆಯನ್ನೂ ನೇರವಾಗಿ ಕುಡಿಯುತ್ತದೆ.

ಕಂಬಗಳು ಮತ್ತೆ ಮತ್ತೆ ಕೆಡುತ್ತಿದ್ದರೆ, ನೀರಿನ ಮಟ್ಟ ತೀರಾ ಏರಿಳಿಯುವ ಕಡೆ, ಮುಂದಿನ ಭಾಗವನ್ನು ಪ್ಲಾಸ್ಟಿಕ್ ತೇಲುಗಳ ಮೇಲೆ ಕೂರಿಸುವುದು ಜಾಣತನ. ನೀರಿನ ಜೊತೆ ಏರುತ್ತದೆ, ಇಳಿಯುತ್ತದೆ, ಮೇಲಿನ ಹಲಗೆಗಳಷ್ಟನ್ನೇ ನೋಡಿಕೊಂಡರಾಯಿತು.

ಯಾವ ಮರ, ಯಾವ ಔಷಧಿ

ಮರದ ಬಾಳಿಕೆಯನ್ನು ಅಳೆಯಲು ಗೂಟಗಳನ್ನು ಅರ್ಧ ಮಣ್ಣಿನಲ್ಲಿ ಹೂತು ಎಷ್ಟು ತಿಂಗಳು ತಡೆಯುತ್ತವೆ ಎಂದು ನೋಡುತ್ತಾರೆ. ಭಾರತೀಯ ಮಾನಕ ಐಎಸ್ 401 ಇದರ ಮೇಲೆ ಮೂರು ವರ್ಗ ಮಾಡಿದೆ: ಸರಾಸರಿ 120 ತಿಂಗಳು ಅಥವಾ ಹೆಚ್ಚು ಬಾಳುವುದು ಮೊದಲ ವರ್ಗ, 60ರಿಂದ 120 ತಿಂಗಳೊಳಗಿನದು ಎರಡನೆಯದು, 60ಕ್ಕಿಂತ ಕಡಿಮೆಯದು ಮೂರನೆಯದು. ತೇಗ, ಹೊನ್ನೆ, ಕಿರಾಲುಬೋಗಿ, ಜಂಬೆ, ಹೆಬ್ಬಲಸು ಮರಗಳ ಚೇಗು ಬಾಳಿಕೆಗೆ ಹೆಸರಾದದ್ದು. ಮಾವು, ಸಿಲ್ವರ್ ಓಕ್, ರಬ್ಬರ್ ಮರಗಳನ್ನು ಔಷಧಿಯಿಲ್ಲದೆ ನೀರಿನ ಬಳಿ ಬಳಸಲೇಬಾರದು.

ಒಂದು ಮಾತು ಮನಸ್ಸಿನಲ್ಲಿರಲಿ. ಬಾಳಿಕೆ ಇರುವುದು ಚೇಗಿಗೆ ಮಾತ್ರ. ತೇಗವೇ ಆದರೂ ಹೊರಗಿನ ಬಿಳಿ ಭಾಗ ಬೇಗ ಕೆಡುತ್ತದೆ. ನಾಟಾ ಕೊಳ್ಳುವಾಗ ತುದಿ ನೋಡಿ, ಅಂಚಿನಲ್ಲಿ ಬಿಳಿ ಪಟ್ಟಿ ಇದ್ದರೆ ಅದನ್ನು ಕೊಯ್ಸಿ ತೆಗೆಸಿ. ಸರ್ಕಾರಿ ನಾಟಾ ಡಿಪೋದಿಂದಲೋ ಪರವಾನಗಿ ಇರುವ ಮಿಲ್ಲಿನಿಂದಲೋ ರಸೀದಿ ಸಮೇತ ಕೊಳ್ಳಿ.

ಔಷಧಿಯ ಚರಿತ್ರೆಯಲ್ಲಿ ನಮ್ಮ ದೇಶದ ದೊಡ್ಡ ಪಾಲಿದೆ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿದ ಸಿಸಿಎ ಎಂಬ ಸಂರಕ್ಷಕವನ್ನು 1933ರಲ್ಲಿ ಕಂಡುಹಿಡಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೋಂಟಿ ಕಾಮೇಶಂ. ಒತ್ತಡದ ಸಿಲಿಂಡರಿನಲ್ಲಿ ಮರದೊಳಗೆ ಇಳಿಸಿದರೆ ಅದು ನೀರಿಗೆ ತೊಳೆದುಹೋಗದೆ ನಾರಿಗೇ ಕಚ್ಚಿಕೊಳ್ಳುತ್ತದೆ. ಲೋಕದಾದ್ಯಂತ ಜೆಟ್ಟಿ, ವಿದ್ಯುತ್ ಕಂಬಗಳು ದಶಕಗಟ್ಟಲೆ ಇದನ್ನೇ ನೆಚ್ಚಿದ್ದವು. ಆರ್ಸೆನಿಕ್ ಅಪಾಯದ ಕಾರಣಕ್ಕೆ ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ಹಾಕುವುದು ನಿಂತಿತು. ಆರ್ಸೆನಿಕ್ ಬದಲಿಗೆ ಬೋರಾನ್ ಇರುವ ಸಿಸಿಬಿ ನಮ್ಮಲ್ಲಿ ಬಳಕೆಯಲ್ಲಿದೆ. ಎರಡನ್ನೂ ಮನೆಯಂಗಳದಲ್ಲಿ ಕಲಸಬಾರದು. ಸಂಸ್ಕರಿಸಿದ ಮರವನ್ನೇ ಕೊಳ್ಳಿ. ಯಾವ ಮರಕ್ಕೆ ಯಾವ ಸಂಸ್ಕರಣೆ ಎಂಬ ಸಂದೇಹವಿದ್ದರೆ ಬೆಂಗಳೂರು ಮಲ್ಲೇಶ್ವರದ ಇನ್‌ಸ್ಟಿಟ್ಯೂಟ್ ಆಫ್ ವುಡ್ ಸೈನ್ಸ್ ಅಂಡ್ ಟೆಕ್ನಾಲಜಿಯಲ್ಲಿ ಕೇಳಿ, ಅದು ಇದೇ ವಿಷಯದ ಸಂಶೋಧನಾ ಸಂಸ್ಥೆ. ಸಂಸ್ಕರಿಸಿದ ಮರದ ಕೊಯ್ತದ ತುಂಡುಗಳನ್ನು ಬಚ್ಚಲ ಹಂಡೆಯ ಒಲೆಗೆ ಹಾಕಲೇಬೇಡಿ. ಹೊಗೆಯಲ್ಲೂ ಬೂದಿಯಲ್ಲೂ ವಿಷವಿರುತ್ತದೆ. ಆ ಬೂದಿ ತರಕಾರಿ ಬುಡಕ್ಕೆ ಹೋಗುವುದಂತೂ ಇನ್ನೂ ಕೆಟ್ಟದ್ದು.

ಮನೆಯಲ್ಲೇ ಮಾಡಬಹುದಾದ ಔಷಧಿ ಬಿಳಿಗಾರದ್ದು. ಎರಡು ಪಾಲು ಬೋರಿಕ್ ಪುಡಿ, ಮೂರು ಪಾಲು ಬಿಳಿಗಾರ ಸೇರಿಸಿ, ಹತ್ತು ಲೀಟರ್ ಬಿಸಿನೀರಿಗೆ ಒಟ್ಟು ಒಂದು ಕಿಲೋದಂತೆ ಕರಗಿಸಿ, ಬ್ರಷ್‌ನಿಂದ ಎರಡು ಮೂರು ಸಲ ಹಚ್ಚಿ. ಒದ್ದೆ ಮರದೊಳಗೂ ಇದು ತಾನಾಗಿ ಹರಡುತ್ತದೆ, ಅದೇ ಇದರ ಗುಣ. ಮಳೆಗೆ ತೊಳೆದುಹೋಗುತ್ತದೆ, ಅದು ಇದರ ಮಿತಿ. ಆದ್ದರಿಂದ ನೀರಿನ ಮಟ್ಟದ ಮೇಲಿರುವ ಜಂತಿ, ಹಲಗೆಗಳಿಗೆ ಮಾತ್ರ ಹಚ್ಚಿ, ಒಣಗಿದ ಮೇಲೆ ಮೇಲಿಂದ ಎಣ್ಣೆಯ ಲೇಪ ಕೊಡಿ.

ಎಣ್ಣೆಯಲ್ಲಿ ಕರಾವಳಿಯವರ ಗೇರೆಣ್ಣೆಗೆ ಹಳೆಯ ಹೆಸರಿದೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಕಪ್ಪು ಎಣ್ಣೆಯನ್ನು ದೋಣಿಗಳಿಗೆ ತಲೆಮಾರುಗಳಿಂದ ಬಳಿಯುತ್ತಾ ಬಂದಿದ್ದಾರೆ. ಆದರೆ ಮೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ದಪ್ಪ ಕೈಗವಸು, ತುಂಬುತೋಳಿನ ಅಂಗಿ ಇಲ್ಲದೆ ಮುಟ್ಟಬೇಡಿ, ಪೂರ್ತಿ ಒಣಗುವವರೆಗೆ ಯಾರನ್ನೂ ಅದರ ಮೇಲೆ ಬರಿಗಾಲಲ್ಲಿ ನಡೆಯಲು ಬಿಡಬೇಡಿ. ದಪ್ಪ ಪೇಂಟು, ವಾರ್ನಿಷ್ ನಡೆಯುವ ಹಲಗೆಗೆ ಹೊಂದುವುದಿಲ್ಲ. ಪದರ ಬಿರುಕು ಬಿಟ್ಟ ಕಡೆ ನೀರು ಒಳಗೆ ಹೋಗಿ, ಉಳಿದ ಪದರದ ಕೆಳಗೆ ಸೆರೆಯಾಗುತ್ತದೆ.

ಯಾವುದೇ ಔಷಧಿ, ಎಣ್ಣೆ ಕೆರೆಗೆ ತೊಟ್ಟಿಕ್ಕಬಾರದು. ಸಾಧ್ಯವಾದಷ್ಟನ್ನು ದಂಡೆಯ ಮೇಲೆಯೇ ಹಚ್ಚಿ, ಒಣಗಿಸಿ ತಂದು ಜೋಡಿಸಿ. ಅಲ್ಲೇ ಹಚ್ಚಬೇಕಾದರೆ ಕೆಳಗೆ ಟಾರ್ಪಾಲ್ ಕಟ್ಟಿ. ತಾಮ್ರ ಮೀನಿಗೆ ವಿಷ. ಆ ನೀರನ್ನೇ ಕುಡಿಯುವ ಊರುಗಳೂ ಇರುತ್ತವೆ.

ವರ್ಷಕ್ಕೆ ಎರಡು ಸಲ

ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಅರ್ಧ ದಿನ ಕೊಟ್ಟರೆ ಈ ಕೆಲಸದ ಬಹುಪಾಲು ಬೇಕಾಗುವುದೇ ಇಲ್ಲ. ಮೇ ತಿಂಗಳಲ್ಲಿ ಕೆಳಗಿಳಿದು ಸ್ಕ್ರೂಡ್ರೈವರ್ ಪರೀಕ್ಷೆ ಮಾಡಿ, ಸಡಿಲಾದ ಬೋಲ್ಟ್ ಬಿಗಿ ಮಾಡಿ, ಕೊಯ್ದ ತುದಿಗಳಿಗೆ ಮತ್ತೊಂದು ಕೋಟು ಹಚ್ಚಿ. ಅಕ್ಟೋಬರ್, ನವೆಂಬರಿನಲ್ಲಿ ಸಂದುಗಳ ಕಸವನ್ನು ಕಬ್ಬಿಣದ ಪಟ್ಟಿಯಿಂದ ಕೆರೆದು ತೆಗೆಯಿರಿ, ಪಾಚಿಯನ್ನು ಗಟ್ಟಿ ಪೊರಕೆಯಿಂದ ನಾರಿನ ದಿಕ್ಕಿಗೆ ಉಜ್ಜಿ. ಕಾರು ತೊಳೆಯುವ ಜೋರು ಪೈಪು ಹಲಗೆಯ ಮೈಯ ನಾರನ್ನೇ ಎಬ್ಬಿಸಿಬಿಡುತ್ತದೆ, ಬ್ಲೀಚಿಂಗ್ ಪುಡಿ ಸೀದಾ ಕೆರೆಗೆ ಹೋಗುತ್ತದೆ. ಎರಡೂ ಬೇಡ. ಜಾರದಿರಲೆಂದು ಹಾಸುವ ರಬ್ಬರ್ ಮ್ಯಾಟು, ಅಂದಕ್ಕೆ ಇಡುವ ಹೂಕುಂಡ ಇವುಗಳ ಕೆಳಗೆ ಮರ ಒಣಗುವುದೇ ಇಲ್ಲ. ಇಡಲೇಬೇಕೆಂದರೆ ಮ್ಯಾಟನ್ನು ಆಗಾಗ ಎತ್ತಿ ಬಿಸಿಲಿಗೆ ಹಾಕಿ, ಕುಂಡಕ್ಕೆ ಕಾಲು ಕೊಡಿ.

ಪರೀಕ್ಷೆಯಲ್ಲಿ ಕೆಟ್ಟದ್ದು ಸಿಕ್ಕಿದ ದಿನವೇ ಆ ಭಾಗಕ್ಕೆ ಅಡ್ಡಹಗ್ಗ ಕಟ್ಟಿ ಓಡಾಟ ನಿಲ್ಲಿಸಿ, ದುರಸ್ತಿ ಎಂದಾದರೂ ಆಗಲಿ. ಜೆಟ್ಟಿಗೆ ಬರುವವರಲ್ಲಿ ಮಕ್ಕಳಿರುತ್ತಾರೆ, ಈಜು ಬಾರದವರಿರುತ್ತಾರೆ. ಹಲಗೆ ಗಟ್ಟಿಯಿದೆ ಎಂದು ನಂಬಿಯೇ ಅವರು ಕಾಲಿಡುತ್ತಾರೆ. ಆ ನಂಬಿಕೆ ಉಳಿಸುವ ಹೊಣೆ ಜೆಟ್ಟಿ ಇಟ್ಟುಕೊಂಡವರದು.